ಎಡಗಡೆ ಸೀಟಿನಲ್ಲಿ ಕೂತು ಗಿರಿ ಹತ್ತಿದ್ದು

ತಿಪಟೂರಿನ ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಕೂರುತ್ತಿದ್ದ ಸೀಟಿಗೆ ಈಗ ರೇಖಾ ಎಂಬ ಹುಡುಗಿ ಬಂದಿದ್ದಾಳೆ. ಕೆಲಸಕ್ಕೆ ಸೇರಿದ ವಾರದಲ್ಲೇ ಮನೆಗೆ ಬಂದು, ಕಾರು ಕಲಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ ಯಾವುದು ಎಂದು ಕೇಳಿದಳು. ಸುಮ್ಮನೆ ಕೂರುವುದು ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಕಾಫಿ ಕುಡಿದು ಹೋದಳು. ನಾನು ಹೇಳಿದ್ದು ನಿಜವನ್ನೇ. ಅವಳಿಗೂ, ಅವಳ ಹಿಂದೆ ಈ ಕೆಲಸಕ್ಕೆ ಬರುವವರಿಗೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಪಾಟು ಸೀಮೆ. ತಿಪಟೂರಿನಿಂದ ತುರುವೇಕೆರೆಗೆ ಹೋಗಿ, ಚಿಕ್ಕನಾಯಕನಹಳ್ಳಿಗೆ ಹೋಗಿ, ಎರಡೂ ಕಡೆ ತೆಂಗಿನ ತೋಟ, ನಡುವೆ ರಸ್ತೆ. ಏರು ಎಂದರೆ ರೈಲ್ವೆ ಮೇಲ್ಸೇತುವೆ, ಅದು ಬಿಟ್ಟರೆ ಯಾವುದಾದರೂ ಕೆರೆಯ ಏರಿಗೆ ಹತ್ತುವ ದಾರಿ. ಹೀಗಾಗಿ ಇಲ್ಲಿ ಕಲಿತವರು ಲೈಸೆನ್ಸ್ ತೆಗೆದುಕೊಂಡ ಮೇಲೂ ಬೆಟ್ಟದ ರಸ್ತೆ ಎಂದರೆ ಹೆದರುತ್ತಿದ್ದರು. ಸ್ಕೂಲಿನ ಯಜಮಾನರಾದ ಹನುಮಂತಯ್ಯನವರಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಅವರು ವಯಸ್ಸಿನಲ್ಲಿದ್ದಾಗ ಘಾಟಿಯಲ್ಲಿ ಲಾರಿ ಓಡಿಸಿದವರು. ಬೆಟ್ಟ ಹತ್ತಿ ಇಳಿಯದವನನ್ನು ಡ್ರೈವರ್ ಅಂತ ಕರೆಯಬಾರದು ಎಂಬುದು ಅವರ ಹಟ. ಅದಕ್ಕೇ ಅವರು ಒಂದು ಪದ್ಧತಿ ಮಾಡಿದ್ದರು. ಲೈಸೆನ್ಸ್ ಸಿಕ್ಕಿದ ಮೇಲೆ, ಬೇಕೆಂದವರನ್ನು ಸ್ಕೂಲಿನ ಕಾರಿನಲ್ಲೇ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗುವುದು. ಅರಸೀಕೆರೆ, ಜಾವಗಲ್ಲು ದಾಟಿ ಚಿಕ್ಕಮಗಳೂರು, ಅಲ್ಲಿಂದ ಮೇಲಕ್ಕೆ. ಓಡಿಸುವವರು ಕಲಿತವರೇ. ನಾವು ಎಡಗಡೆ ಕೂರುವುದು. ಸ್ಕೂಲಿನಲ್ಲಿ ಇದಕ್ಕೆ ಗಿರಿ ಪಾಠ ಎಂದು ಹೆಸರು ಬಿದ್ದಿತ್ತು.

ನಾನು ಈ ಕೆಲಸಕ್ಕೆ ಬಂದದ್ದು ಆಕಸ್ಮಿಕ. ನಮ್ಮಪ್ಪ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಗೆ ಲಾರಿ ಓಡಿಸುತ್ತಿದ್ದರು. ಸಿಮೆಂಟಿನ ಧೂಳು ಹೊತ್ತುಕೊಂಡು ಮನೆಗೆ ಬಂದು ಲಾರಿ ನಿಲ್ಲಿಸಿದಾಗ ನಾನು ಸ್ಟಿಯರಿಂಗ್ ಮುಂದೆ ಹತ್ತಿ ಕೂರುತ್ತಿದ್ದೆ. ಮದುವೆಯಾಗಿ ತಿಪಟೂರಿಗೆ ಬಂದ ಮೇಲೆ ಸರಿಯಾಗಿ ಕಲಿಯೋಣ ಎಂದು ಸ್ಕೂಲಿಗೆ ಸೇರಿದೆ. ಗಂಡಸರು ಕಲಿಸುತ್ತಾರೆಂದು ಊರಿನ ಟೀಚರುಗಳು, ನರ್ಸುಗಳು ಬರಲು ಹಿಂಜರಿಯುತ್ತಿದ್ದ ಕಾಲ ಅದು. ನನ್ನ ಕಲಿಕೆ ಮುಗಿದ ದಿನ ಹನುಮಂತಯ್ಯನವರು, ನಾಳೆಯಿಂದ ನೀನೇ ಬಂದು ಕಲಿಸಮ್ಮ ಎಂದರು. ನನ್ನ ಗಂಡ ಆ ಮಾತು ಕೇಳಿ ಮೊದಲು ನಕ್ಕರು, ಆಮೇಲೆ ಟಿಫಿನ್ ಡಬ್ಬಿ ಕಟ್ಟಿಕೊಟ್ಟರು.

ಕಲಿಸುವ ಕಾರಿನಲ್ಲಿ ಎಡಗಡೆಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಪ್ಪಿದರೆ ನಾವು ಒತ್ತಲಿ ಎಂದು. ನನ್ನ ಮೊದಲ ಗಿರಿ ಪಾಠದ ದಿನ ಹನುಮಂತಯ್ಯನವರು ಹಿಂದಿನ ಸೀಟಿನಲ್ಲಿ ಕೂತರು. ಓಡಿಸುತ್ತಿದ್ದದ್ದು ಒಬ್ಬ ನರ್ಸಮ್ಮ. ಬೆಟ್ಟ ಶುರುವಾಗುವ ಕೈಮರದ ಹತ್ತಿರ ಹನುಮಂತಯ್ಯನವರು ನನಗೆ ಚಪ್ಪಲಿ ಬಿಡಿಸಿ, ಕಾಲು ಮಡಚಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಹೇಳಿದರು. ಮೊದಲ ತಿರುವು ಬಂತು. ಎದುರಿಗೆ ಕಂಡದ್ದು ಬರೀ ಆಕಾಶ. ನನಗೆ ಗೊತ್ತಿಲ್ಲದೆ ನನ್ನ ಕಾಲು ಕೆಳಗಿಳಿಯಿತು. ಹಿಂದಿನಿಂದ ಮೆಲ್ಲಗೆ, "ವಿಮಲಾ, ಕಾಲು" ಎಂದರು. ಮೇಲೆ ತಲುಪುವವರೆಗೂ ಅವರು ಆಡಿದ್ದು ಅದೇ ಮಾತು, ತಿರುವಿಗೊಂದು ಸಲ. ಇಳಿದು ಬರುವಾಗ ಆ ಮಾತೂ ನಿಂತಿತು. ಅವರು ಹುರಿದ ಕಡಲೆಕಾಯಿ ಸುಲಿಯುವ ಸದ್ದು ಮಾತ್ರ ಕೇಳುತ್ತಿತ್ತು. ನೀನು ಬ್ರೇಕ್ ಒತ್ತಿದ ಗಳಿಗೆಯಿಂದ ಆ ಕಾರು ನಿನ್ನದು, ಅವರದ್ದಲ್ಲ ಎಂದು ಊರಿಗೆ ಬಂದ ಮೇಲೆ ವಿವರಿಸಿದರು.

ಅವರ ಕಲಿಸುವ ರೀತಿಯೇ ಬೇರೆ. ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರದಂತೆ ಹೊರಡಿಸುವುದು ಹೊಸಬರಿಗೆ ದೊಡ್ಡ ಕಷ್ಟ. ಹನುಮಂತಯ್ಯನವರು ಶೆಟ್ಟಿಕೆರೆ ಕಡೆ ಕೆರೆಯ ಏರಿಗೆ ಹತ್ತುವ ದಾರಿಯಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ತಾಗುವಂತೆ ಒಂದು ತೆಂಗಿನ ಕರಟ ಇಡುತ್ತಿದ್ದರು. ಕಾರು ಜಾರಿದರೆ ಕರಟ ಪಟ್ ಎಂದು ಒಡೆಯುತ್ತಿತ್ತು. ಅಷ್ಟೇ, ಮತ್ತೆ ಮೊದಲಿಂದ. ನಮ್ಮ ಸೀಮೆಯಲ್ಲಿ ಕರಟಕ್ಕೇನು ಬರವೇ. ಕಲಿಯಲು ಬರುತ್ತಿದ್ದ ತುರುವೇಕೆರೆಯ ಮೇಷ್ಟರೊಬ್ಬರು ತಾವು ಒಡೆದದ್ದನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋಗಿ, ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿಕೊಳ್ಳುತ್ತಿದ್ದರು. ನೀರು ತಣ್ಣಗಿದ್ದ ದಿನ ಅವರ ಹೆಂಡತಿಗೆ ಗೊತ್ತಾಗುತ್ತಿತ್ತಂತೆ, ಇವತ್ತು ಪಾಠ ಚೆನ್ನಾಗಿ ಆಗಿದೆ ಎಂದು.

ಗಿರಿಗೆ ಬಂದವರಲ್ಲಿ ನಾನು ಮರೆಯಲಾರದವರು ಎಷ್ಟೋ ಜನ. ಕಿಬ್ಬನಹಳ್ಳಿಯ ನಂಜುಂಡ ಎಂಬ ಬಸ್ ಕಂಡಕ್ಟರ್ ಅವರಲ್ಲೊಬ್ಬ. ವಯಸ್ಸೆಲ್ಲ ಬಸ್ಸಿನ ಬಾಗಿಲಲ್ಲಿ ನಿಂತು ಕಳೆದವನು. ಕಾರು ಕಲಿಯಲು ಬಂದಾಗಲೂ ಆ ಅಭ್ಯಾಸ ಬಿಡಲಿಲ್ಲ. ಕ್ಲಚ್ ಬಿಡುವ ಮೊದಲು ತನಗೆ ತಾನೇ ರೈಟ್ ಎಂದು ಹೇಳಿಕೊಳ್ಳಬೇಕು, ಇಲ್ಲದಿದ್ದರೆ ಕಾಲು ಏಳುತ್ತಿರಲಿಲ್ಲ. ನಾನು ಬಿಡಿಸಲು ನೋಡಿ ಸೋತೆ. ಅವನ ಗಿರಿ ಪಾಠದ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಕಾರಿನ ಕೆಂಪು ದೀಪವೂ ಕಾಣುತ್ತಿರಲಿಲ್ಲ. ಒಂದು ಕಿರಿದಾದ ತಿರುವಿನಲ್ಲಿ ಹತ್ತುವವರೂ ಇಳಿಯುವವರೂ ಸಿಕ್ಕಿಹಾಕಿಕೊಂಡು ಎಲ್ಲರೂ ಹಾರನ್ ಒತ್ತುತ್ತ ಕೂತಿದ್ದರು. ನಂಜುಂಡ ಕಾರು ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ನನ್ನ ಅನುಮತಿ ಕೇಳಿ ಇಳಿದ. ಜೇಬಿನಿಂದ ಪೀಪಿ ತೆಗೆದ. ಆ ಪೀಪಿಯನ್ನು ಅವನು ಯಾಕೆ ತಂದಿದ್ದನೋ. ಆಮೇಲೆ ಮಂಜಿನೊಳಗಿಂದ ಅವನ ಪೀಪಿ, ಬರಲಿ ಬರಲಿ, ಹೋಲ್ಡಾನ್ ಎಂಬ ಕೂಗು ಮಾತ್ರ ಕೇಳುತ್ತಿತ್ತು. ಒಂದೊಂದೇ ಗಾಡಿ ಅವನ ಮಾತು ಕೇಳಿ ಹಿಂದೆ ಮುಂದೆ ಸರಿದು ದಾರಿ ಬಿಡಿಸಿಕೊಂಡಿತು. ಎಲ್ಲರೂ ಅವನನ್ನು ಸರ್ಕಾರ ನೇಮಿಸಿದವನೇ ಎಂದುಕೊಂಡಿದ್ದರು. ವಾಪಸು ಬಂದು ಕೂತು, ಮಂಜಿನಲ್ಲಿ ನೆಂದ ಮುಖ ಒರೆಸಿಕೊಂಡು, ಗಂಭೀರವಾಗಿ ರೈಟ್ ಎಂದು ಹೇಳಿಕೊಂಡೇ ಹೊರಟ. ಅವತ್ತಿನಿಂದ ನಾನು ಅವನ ಅಭ್ಯಾಸದ ತಂಟೆಗೆ ಹೋಗಲಿಲ್ಲ.

ಕಾಲ ಬದಲಾದ ಹಾಗೆ ಕಾರುಗಳೂ ಬದಲಾದವು. ಮೊದಲಿನ ಅಂಬಾಸಿಡರ್‌ನ ಸ್ಟಿಯರಿಂಗ್ ತಿರುಗಿಸಲು ಮೈಯೆಲ್ಲ ಬೇಕಾಗುತ್ತಿತ್ತು. ಅರ್ಧ ಬೆಟ್ಟಕ್ಕೆ ನಿಂತು ರೇಡಿಯೇಟರಿಗೆ ನೀರು ಹುಯ್ಯಬೇಕಿತ್ತು. ಈಗಿನವು ಬೆರಳಲ್ಲಿ ತಿರುಗುತ್ತವೆ, ಏರಿನಲ್ಲಿ ತಾವೇ ಹಿಡಿದುಕೊಂಡು ನಿಲ್ಲುತ್ತವೆ, ಕರಟ ಒಡೆಯುವುದೇ ಇಲ್ಲ. ಗಿರಿಗೆ ಹೋಗಲು ಮೊದಲೇ ಫೋನಿನಲ್ಲಿ ಜಾಗ ಕಾದಿರಿಸಬೇಕು. ದಾರಿಯನ್ನೂ ಫೋನಿನೊಳಗಿನ ಹೆಂಗಸು ಹೇಳುತ್ತಾಳೆ. ಒಬ್ಬ ಕಲಿಯುವಾಕೆ, ಇಬ್ಬರು ಮೇಡಂಗಳಲ್ಲಿ ಯಾರ ಮಾತು ಕೇಳಬೇಕು ಎಂದು ನನ್ನನ್ನೇ ಕೇಳಿದಳು. ನನಗೆ ಹಳೆಯದಕ್ಕಾಗಿ ಬೇಸರವೇನೂ ಇಲ್ಲ. ಆ ಸ್ಟಿಯರಿಂಗ್ ತಿರುಗಿಸಿದ ತೋಳು ಈಗಲೂ ನೋಯುತ್ತದೆ. ಆದರೆ ರೇಖಾಳಿಗೆ ಒಂದು ಮಾತು ಹೇಳಬೇಕು. ಕಾರು ಏನೇ ಕಲಿತರೂ, ಬಲಗಡೆ ಕೂತವರ ಎದೆ ಹೊಡೆದುಕೊಳ್ಳುವುದು ಹಿಂದಿನಂತೆಯೇ ಇದೆ. ಅದನ್ನು ಗಂಗಮ್ಮನ ಕಾರಿನಲ್ಲಿ ಕೂತ ದಿನ ಚೆನ್ನಾಗಿ ಕಂಡೆ.

ಗಂಗಮ್ಮ ಶೆಟ್ಟಿಕೆರೆಯ ಹತ್ತಿರದ ಹಳ್ಳಿಯವರು. ಐವತ್ತು ದಾಟಿದ ವಯಸ್ಸು. ಗಂಡ ಚಿಕ್ಕಣ್ಣ ತೆಂಗಿನ ಮರ ಹತ್ತಿ ಕಾಯಿ ಕೀಳುವುದರಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾದವರು. ಎಂಥ ಮರದಿಂದಲೂ ಬೀಳದ ಮನುಷ್ಯ ಒಂದು ದಿನ ಮನೆಯ ಹೊಸಿಲು ಎಡವಿ ಬಿದ್ದು ಮಂಡಿ ಮುರಿದುಕೊಂಡರು. ಮೂಳೆ ಕೂಡಿತು, ಆದರೆ ಮಂಡಿ ಮಡಚಲಿಲ್ಲ. ಆಮೇಲೆ ಅವರು ಮನೆ ಬಿಟ್ಟು ಹೊರಗೆ ಹೋಗುವುದನ್ನೇ ನಿಲ್ಲಿಸಿದರು. ಆಟೋದವನೂ ಬಸ್ಸಿನವನೂ ತೋಳು ಹಿಡಿದು ಹತ್ತಿಸಿ ಕೂರಿಸುವುದು ಅವರಿಗೆ ಅವಮಾನ ಎನಿಸುತ್ತಿತ್ತು. ಮದುವೆಗಳಿಗೂ ಹೋಗಲಿಲ್ಲ. ಗಂಗಮ್ಮನ ತಮ್ಮ ಹೊಸ ಕಾರು ತೆಗೆದುಕೊಂಡಾಗ ತನ್ನ ಹಳೆಯ ಚಿಕ್ಕ ಕಾರನ್ನು ಅಕ್ಕನ ಅಂಗಳದಲ್ಲಿ ಬಿಟ್ಟುಹೋದ. ಅದರ ಮೇಲೆ ಕೋಳಿಗಳು ಕೂತಿರುವುದನ್ನು ನೋಡಿ ನೋಡಿ, ಗಂಗಮ್ಮ ಒಂದು ದಿನ ಬಸ್ಸು ಹತ್ತಿ ನಮ್ಮ ಸ್ಕೂಲಿಗೆ ಬಂದರು.

ಬಂದ ದಿನವೇ ಆಕೆ ನನಗೆ ಒಂದು ವಿಷಯ ಹೇಳಿದರು. ಮರ ಹತ್ತುತ್ತಿದ್ದ ಕಾಲದಲ್ಲಿ ಚಿಕ್ಕಣ್ಣನಿಗೆ, ಮಳೆ ನಿಂತು ಆಕಾಶ ತೊಳೆದ ದಿನಗಳಲ್ಲಿ, ಪಡುವಣ ದಿಕ್ಕಿಗೆ ದೂರದಲ್ಲಿ ನೀಲಿ ಗೆರೆಯ ಹಾಗೆ ಬೆಟ್ಟ ಕಾಣುತ್ತಿತ್ತಂತೆ. ಇಳಿದು ಬಂದು, ಒಂದ್ಸಲ ಅಲ್ಲಿಗೆ ಹೋಗಬೇಕು ಎನ್ನುತ್ತಿದ್ದರಂತೆ. ಮಂಡಿ ಹೋದ ಮೇಲೆ ಆ ಮಾತನ್ನೂ ಬಿಟ್ಟಿದ್ದರು. ಬಾಡಿಗೆ ಕಾರು ಮಾಡೋಣ ಎಂದರೆ ಒಪ್ಪಲಿಲ್ಲ.

ಗಂಗಮ್ಮ ಚೆನ್ನಾಗಿ ಕಲಿತರು. ಗೇರ್ ಹಾಕುವುದು ಅವರಿಗೆ ಮಜ್ಜಿಗೆ ಕಡೆದಷ್ಟು ಸಲೀಸು. ರಿವರ್ಸ್ ಒಂದೇ ಕಷ್ಟ. ಹಿಂದಕ್ಕೆ ಹೋಗುವಾಗ ಕೈ ಯಾವ ಕಡೆ ತಿರುಗಬೇಕೆಂಬುದು ತಲೆಯಲ್ಲಿ ಕಲೆಸಿಹೋಗುತ್ತಿತ್ತು. ಅಂಗಳದಲ್ಲಿ ಅಭ್ಯಾಸ ಮಾಡಲು ಹೋಗಿ ತೆಂಗಿನ ಮಟ್ಟೆಯ ರಾಶಿಗೆ ಕಾರು ನುಗ್ಗಿಸಿದಾಗ ಅದನ್ನು ಬಿಡಿಸಿ ತೆಗೆಯಲು ಅರ್ಧ ಊರು ಬಂದಿತ್ತು. ಲೈಸೆನ್ಸ್ ಪರೀಕ್ಷೆಯಲ್ಲಿ ಒಮ್ಮೆ ಬಿದ್ದು, ಮತ್ತೊಮ್ಮೆ ಪಾಸಾದರು. ಪಾಸಾದ ಮೇಲೆ ಗಿರಿ ಪಾಠ ಕೇಳಿದರು. ಆದರೆ ಸ್ಕೂಲಿನ ಕಾರಿನಲ್ಲಿ ಅಲ್ಲ, ತಮ್ಮ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಗಂಡನನ್ನು ಕೂರಿಸಿಕೊಂಡು. ಆ ಕಾರಿನಲ್ಲಿ ಎಡಗಡೆ ಬ್ರೇಕ್ ಇಲ್ಲ. ಸ್ಕೂಲಿನಲ್ಲಿ ಉಳಿದವರೆಲ್ಲ ಬೇಡವೆಂದರು. ಆ ಹೊತ್ತಿಗೆ ತೀರ ಮುದುಕರಾಗಿದ್ದ ಹನುಮಂತಯ್ಯನವರು ಕೂತಿದ್ದ ಕುರ್ಚಿಯಿಂದಲೇ, ಬ್ರೇಕ್ ಇದ್ದಾಗ ಮಾತ್ರ ನಂಬುವುದಾದರೆ ಅದು ನಂಬಿಕೆ ಹೇಗಾಗುತ್ತದೆ ಎಂದು ನನ್ನ ಮುಖ ನೋಡಿದರು. ನಾನು ಒಪ್ಪಿಕೊಂಡೆ. ಗಾಡಿಯ ಬ್ರೇಕು, ಟೈರು ಎಲ್ಲ ಮೆಕ್ಯಾನಿಕ್‌ಗೆ ತೋರಿಸಿಯೇ ಒಪ್ಪಿದ್ದು. ರೇಖಾ ಅದನ್ನು ಮರೆಯಬಾರದು.

ಬೆಳಿಗ್ಗೆ ಅವರ ಮನೆಗೆ ಹೋದಾಗ ಚಿಕ್ಕಣ್ಣ ಬಿಳಿ ಅಂಗಿ ಹಾಕಿಕೊಂಡು, ಯಾರಾದರೂ ತೋಳು ಹಿಡಿದಾರೆಂದು ನಾನು ಬರುವ ಮೊದಲೇ ತಾವೇ ತೆವಳಿಕೊಂಡು ಹಿಂದಿನ ಸೀಟಿಗೆ ಹತ್ತಿ, ಕಾಲು ಉದ್ದಕ್ಕೆ ಚಾಚಿ, ಎಡಗಡೆ ಕಿಟಕಿಗೆ ಒರಗಿ ಕೂತಿದ್ದರು. ಜಾವಗಲ್ಲು ದಾಟಿ ರಸ್ತೆಯಲ್ಲಿ ಏರಿಳಿತ ಶುರುವಾದ ಮೇಲೆ, ಗಾಡಿ ಚೆನ್ನಾಗೈತೆ ಎಂದರು. ಗಂಗಮ್ಮ ಕನ್ನಡಿಯಲ್ಲಿ ಅವರನ್ನು ನೋಡಿದರು. ಗಾಡಿಯೋ, ಓಡಿಸುವವಳೋ ಎಂದು ಕೇಳಿದರು. ಅವರು ಕಿಟಕಿ ಇಳಿಸಿದರು.

ಕೈಮರ ದಾಟಿದ ಮೇಲೆ ಕಾಫಿ ತೋಟಗಳ ನೆರಳು ಮುಗಿದು ಬೆಟ್ಟದ ಬೋಳು ಮೈ ಎದ್ದಿತು. ಹುಲ್ಲು ಹಸಿರಾಗಿತ್ತು, ಗಾಳಿಗೆ ಅಲೆ ಅಲೆಯಾಗಿ ಮಲಗುತ್ತಿತ್ತು. ರಸ್ತೆಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಳಿಜಾರು, ಅದರ ಕೆಳಗೆ ಮೋಡ. ಗಂಗಮ್ಮ ತಿರುವು ತಿರುವಿಗೂ ಗೇರ್ ಇಳಿಸಿ, ಹಾರನ್ ಮಾಡಿ, ನಿಧಾನವಾಗಿ ಹತ್ತಿಸಿದರು. ನಾನು ಕಾಲು ಮಡಚಿಕೊಂಡೇ ಕೂತಿದ್ದೆ.

ಹಾಗೆ ಹತ್ತುತ್ತ ಒಂದು ಕಡೆ ರಸ್ತೆ ತೀರ ಕಿರಿದಾಯಿತು. ಅಲ್ಲಿಗೇ ಎದುರಿನಿಂದ ಒಂದು ಬಾಡಿಗೆ ಜೀಪು ಇಳಿದು ಬಂತು. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಅದು ನಿಯಮ. ಆದರೆ ಜೀಪಿನ ಹಿಂದೆ ಕಾರುಗಳ ಸಾಲು ನಿಂತಿತ್ತು, ಅದು ಹಿಂದಕ್ಕೆ ಹೋಗುವಂತಿರಲಿಲ್ಲ. ನಮ್ಮ ಹಿಂದೆ ಯಾರೂ ಇರಲಿಲ್ಲ. ಸ್ವಲ್ಪ ಕೆಳಗೆ ರಸ್ತೆ ಎಡಕ್ಕೆ ಅಗಲವಾಗಿದ್ದ ಒಂದು ಜಾಗ ಬಿಟ್ಟು ಬಂದಿದ್ದೆವು. ಅಲ್ಲಿಯವರೆಗೂ ಎಡಗಡೆಯ ಇಳಿಜಾರಿನ ಅಂಚಿನಲ್ಲೇ ರಿವರ್ಸ್ ಹೋಗಬೇಕು. ಜೀಪಿನ ಹುಡುಗ ಇಳಿದು ಬಂದ. ಒಳ್ಳೆಯವನೇ. ಅಮ್ಮಾ ನೀವು ಇಳಿಯಿರಿ, ನಾನೇ ಹಿಂದಕ್ಕೆ ಹಾಕಿಕೊಡುತ್ತೇನೆ ಎಂದ.

ಗಂಗಮ್ಮನ ಕೈ ಬಾಗಿಲಿನ ಹಿಡಿಯ ಮೇಲೆ ಹೋಯಿತು. ಅವರು ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತು. ನೀವು ಹೂಂ ಅಂದರೆ ಇಳಿದುಬಿಡುತ್ತೇನೆ ಎಂಬ ನೋಟ. ನನ್ನ ಬಾಯಿಗೆ ಆ ಹೂಂ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಹಿಂದಿನಿಂದ ಚಿಕ್ಕಣ್ಣ ಮಾತಾಡಿದರು.

"ಅವ್ಳೇ ಹಾಕ್ತಾಳೆ ಬುಡಪ್ಪ. ನೀನ್ ಹೋಗಿ ನಿನ್ ಗಾಡೀಲಿ ಕೂತ್ಕೋ."

ಹೇಳಿದವರೇ ಕಿಟಕಿಯಿಂದ ಎದೆಯವರೆಗೂ ಹೊರಗೆ ಬಾಗಿದರು. ಕೆಳಗಿನ ಪಾತಾಳವನ್ನು ನಾನು ಓರೆಗಣ್ಣಲ್ಲಿ ನೋಡಿ ಕಣ್ಣು ತೆಗೆದಿದ್ದೆ. ಅವರು ತಮ್ಮ ಮನೆಯ ಹಿತ್ತಿಲು ನೋಡುವವರ ಹಾಗೆ ಅದನ್ನು ನೋಡಿದರು. ಬದುಕೆಲ್ಲ ಎತ್ತರದಲ್ಲಿ ಕಳೆದವರಿಗೆ ಅದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. "ಬಾ ಗಂಗೂ," ಎಂದರು. "ಚಕ್ರಕ್ಕೂ ಅಂಚಿಗೂ ಎರಡು ಮೊಳ ಐತೆ. ಹಂಗೇ ಬಾ, ನಾನ್ ನೋಡ್ತಾ ಇವ್ನಿ."

ಗಂಗಮ್ಮ ರಿವರ್ಸ್ ಹಾಕಿದರು. ನನ್ನ ಎರಡೂ ಕಾಲು ಕೆಳಗಿಳಿದು, ಇಲ್ಲದ ಬ್ರೇಕನ್ನು ಹುಡುಕಿ ಮ್ಯಾಟನ್ನು ಒತ್ತಿ ಹಿಡಿದಿದ್ದವು. ಬಾಯಿ ಮಾತ್ರ ಮುಚ್ಚಿಕೊಂಡಿದ್ದೆ. ಕಾರು ಹುಳದ ಹಾಗೆ ಹಿಂದಕ್ಕೆ ಸರಿಯಿತು. ಚಿಕ್ಕಣ್ಣ ಒಂದೊಂದು ಮೊಳಕ್ಕೂ ಮಾತು ಕೊಡುತ್ತಿದ್ದರು. ಒಸಿ ಬಲಕ್ಕೆ. ಸಾಕು. ನೆಟ್ಟಗೆ ಬಾ. ಮರದ ಮೇಲಿಂದ ಕೆಳಗಿರುವವರಿಗೆ ಗೊನೆ ಬೀಳುವ ಸೂಚನೆ ಕೊಡುವಾಗಲೂ ಇದೇ ದನಿ ಇರುತ್ತಿತ್ತೇನೋ, ಅವಸರವಿಲ್ಲದ ದನಿ. ಅಗಲದ ಜಾಗಕ್ಕೆ ಹಿಂದಿನ ಚಕ್ರ ಬಂದಾಗ ಅವರು ಕಿಟಕಿಯ ಹೊರಗಿನಿಂದ ಕಾರಿನ ತಗಡನ್ನು ಎರಡು ಸಲ ತಟ್ಟಿದರು. ಗಂಗಮ್ಮ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಜೀಪು ದಾಟುವಾಗ ಒಳಗಿದ್ದ ಹೆಂಗಸರು ಚಪ್ಪಾಳೆ ತಟ್ಟಿಕೊಂಡು ಹೋದರು. ಹಿಂದಿನ ಕಾರಿನವರು ಯಾಕೆಂದು ತಿಳಿಯದೆ ತಾವೂ ತಟ್ಟಿದರು. ಗಂಗಮ್ಮನ ರವಿಕೆ ಬೆವರಿನಲ್ಲಿ ತೊಯ್ದಿತ್ತು. ನಗು ಬಂದು ಅವರಿಗೆ ಸ್ವಲ್ಪ ಹೊತ್ತು ಕಾರು ಸ್ಟಾರ್ಟ್ ಮಾಡಲು ಆಗಲಿಲ್ಲ.

ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿದೆವು. ಅಲ್ಲಿಂದ ದೇವಸ್ಥಾನಕ್ಕೆ ಮೆಟ್ಟಿಲು. ಚಿಕ್ಕಣ್ಣ ಹತ್ತುವಂತಿರಲಿಲ್ಲ, ಅದಕ್ಕೆ ಅವರು ಬೇಸರ ಪಟ್ಟುಕೊಳ್ಳಲೂ ಇಲ್ಲ. ಕಾರಿನಿಂದ ಇಳಿಯುವಾಗ ಹೆಂಡತಿಯ ಹೆಗಲಿನ ಮೇಲೆ ಕೈ ಇಟ್ಟರು. ಆಕೆ ಹಿಡಿದರೆಂದು ಕೊಸರಲಿಲ್ಲ. ಮೋಟುಗೋಡೆಯ ಮೇಲೆ ಕೂತು, ಮೂಡಣ ದಿಕ್ಕಿನ ಬಯಲನ್ನು ಬಹಳ ಹೊತ್ತು ನೋಡಿದರು. ಮಂಜು ಹರಿದಾಗ ಕೆರೆಗಳು ಬಿಲ್ಲೆಗಳಂತೆ ಹೊಳೆಯುತ್ತಿದ್ದವು. ನಮ್ಮ ತೋಟಗಳು ಎಲ್ಲಿವೆಯೋ ನನಗಂತೂ ತಿಳಿಯಲಿಲ್ಲ. ಅವರು ಬೆರಳು ತೋರಿಸಿ, ಆ ಮಬ್ಬಿನ ಆಚೆ ನಮ್ಮ ಶೆಟ್ಟಿಕೆರೆ ಎಂದರು. ಅಲ್ಲೇ ಇದ್ದ ಕಾಲೇಜು ಹುಡುಗರ ಗುಂಪೊಂದು ಅವರ ಸುತ್ತ ಸೇರಿ, ಯಾವ ಊರು ಯಾವ ಕಡೆ ಎಂದು ಕೇಳತೊಡಗಿತು. ಮನೆ ಬಿಟ್ಟು ಹೊರಡದಿದ್ದ ಮನುಷ್ಯ ತೋಳು ಎತ್ತಿ ಎತ್ತಿ ಎಲ್ಲರಿಗೂ ದಿಕ್ಕು ತೋರಿಸುತ್ತಿದ್ದುದನ್ನು ಗಂಗಮ್ಮ ಕಾರಿಗೆ ಒರಗಿಕೊಂಡು ನೋಡಿದರು. ತಂದಿದ್ದ ಅಕ್ಕಿರೊಟ್ಟಿ, ಕಾಯಿಚಟ್ನಿಯಲ್ಲಿ ಅರ್ಧ ಆ ಹುಡುಗರ ಪಾಲಾಯಿತು.

ಹೊರಡುವ ಹೊತ್ತಿಗೆ ಗಂಗಮ್ಮ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. ಸುಸ್ತಾಯಿತೇ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಸುಸ್ತಲ್ಲ ಮೇಡಂ. ಬರೋವಾಗ ನಾನು ರಸ್ತೆ ಒಂದ್ ಬುಟ್ಟು ಬ್ಯಾರೆ ಏನೂ ನೋಡ್ಲಿಲ್ಲ. ಬೆಟ್ಟ ಹೆಂಗೈತೆ ಅಂತ್ಲೇ ಗೊತ್ತಾಗ್ಲಿಲ್ಲ. ಇಳಿಯೋವಾಗ ನಾನೂ ಒಸಿ ನೋಡ್ಬೇಕು."

ಇಷ್ಟು ವರ್ಷ ಎಷ್ಟು ಜನರನ್ನು ಇಲ್ಲಿಗೆ ಕರೆತಂದೆ, ಅವರೆಲ್ಲ ಬೆಟ್ಟ ಹತ್ತಿದರು, ಬೆಟ್ಟ ನೋಡಿದರೇ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ.

ನಾನು ಬಲಗಡೆ ಕೂತೆ, ಗಂಗಮ್ಮ ಎಡಗಡೆ. ಎರಡನೇ ಗೇರಿನಲ್ಲಿ ಇಳಿಸತೊಡಗಿದೆ. ಗಂಗಮ್ಮ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಕಿಟಕಿಯ ಮೇಲೆ ಎರಡೂ ಕೈ ಇಟ್ಟು, ಗಲ್ಲ ಊರಿ ಕೂತರು. ಹುಲ್ಲಿನ ಮೇಲೆ ಮೋಡದ ನೆರಳು ಓಡುತ್ತಿತ್ತು. ಕಣಿವೆಯಲ್ಲಿ ಕಾಡು ಬೆಟ್ಟದ ಬಿರುಕುಗಳಲ್ಲಿ ಮಾತ್ರ ಬೆಳೆದು, ಕೆಳಗೆ ಕೆಳಗೆ ಕಪ್ಪಾಗಿ ಹರಿಯುತ್ತಿತ್ತು. ಹಿಂದಿನಿಂದ ಚಿಕ್ಕಣ್ಣ ಅದೋ ಅದು, ಇದೋ ಇದು ಎಂದು ತೋರಿಸುತ್ತಿದ್ದರು. ಒಂದು ತಿರುವಿನಲ್ಲಿ ಮೋಡವೊಂದು ರಸ್ತೆಗೇ ಬಂದು, ಒಂದು ಕಿಟಕಿಯಿಂದ ಒಳಗೆ ನುಗ್ಗಿ ಇನ್ನೊಂದರಿಂದ ಹೊರಗೆ ಹೋಯಿತು. ಗಂಗಮ್ಮ ಒದ್ದೆಯಾದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗದೆಯೇ, "ಇನ್ನೂ ನಿಧಾನಕ್ಕೆ ಹೋಗಿ ಮೇಡಂ," ಎಂದರು. "ರಸ್ತೆ ಮುಗ್ದೋಯ್ತದೆ."

ಒಂದನೇ ಗೇರಿಗೆ ಇಳಿಸಿದೆ. ಹಿಂದಿನಿಂದ ಬಂದವರು ಹಾರನ್ ಮಾಡಿದರು. ರಸ್ತೆ ಅಗಲವಾದಲ್ಲೆಲ್ಲ ಪಕ್ಕಕ್ಕೆ ಸರಿದು ಅವರನ್ನು ಮುಂದೆ ಬಿಟ್ಟೆ. ಅವರೆಲ್ಲ ನಮ್ಮನ್ನು ದಾಟಿ ಹೋದ ಮೇಲೆ, ಗಂಗಮ್ಮನಿಗೆ ಕಂಡದ್ದನ್ನು ನಾನೂ ಆಗಾಗ ಕಾರು ನಿಲ್ಲಿಸಿ ನೋಡುತ್ತ ಇಳಿದೆ.